ನಡುಮಧ್ಯಾಹ್ನದ ಬೇಸರ

ಬೆಳಗಿನ ಪ್ರಾರ್ಥನೆಯನ್ನು ಯಾರೂ ತೀರ್ಮಾನ ಮಾಡಿ ಬಿಡುವುದಿಲ್ಲ. ಅದು ತಾನಾಗಿ ಬಿಟ್ಟುಹೋಗುತ್ತದೆ. ಜನವರಿಯಲ್ಲಿ ಆದಿಕಾಂಡವನ್ನು ಹುರುಪಿನಿಂದ ಓದಿದವರು ಫೆಬ್ರವರಿಯ ಹೊತ್ತಿಗೆ ಯಾಜಕಕಾಂಡದ ಬಲಿವಿಧಿಗಳ ನಡುವೆ ಸಿಕ್ಕಿಕೊಂಡಿರುತ್ತಾರೆ. ಪುಟ ತೆರೆದೇ ಇರುತ್ತದೆ. ಕಣ್ಣು ಕಿಟಕಿಯ ಕಡೆಗೆ, ಕೈ ಮೊಬೈಲಿನ ಕಡೆಗೆ. ನನಗೂ ಹೀಗೆ ಎಷ್ಟೋ ಸಲ ಆಗಿದೆ. ಸೋಮಾರಿ ಎಂದು ನನ್ನನ್ನೇ ಬೈದುಕೊಳ್ಳುತ್ತಿದ್ದೆ. ಹದಿನಾರು ಶತಮಾನಗಳ ಹಿಂದೆಯೇ ಒಬ್ಬರು ಈ ಸ್ಥಿತಿಯನ್ನು ಕೂತು ಗಮನಿಸಿ ಬರೆದಿಟ್ಟಿದ್ದಾರೆಂದು ತಿಳಿದ ಮೇಲೆ ಆ ಬೈಗುಳ ನಿಂತಿತು.

ಅವರು ಎವಾಗ್ರಿಯಸ್, ಕಪ್ಪು ಸಮುದ್ರದ ದಂಡೆಯ ಪೊಂತ ಸೀಮೆಯವರು. ಕಾನ್‌ಸ್ಟಾಂಟಿನೋಪಲ್‌ನಲ್ಲಿ ಸಭಾಸೇವಕರಾಗಿ ಹೆಸರು ಮಾಡಿದ್ದಾಗ ಮದುವೆಯಾಗಿದ್ದ ಹೆಂಗಸೊಬ್ಬಳ ಮೋಹಕ್ಕೆ ಸಿಕ್ಕಿದರು. ಆ ಊರನ್ನೇ ಬಿಟ್ಟು ಯೆರೂಸಲೇಮಿಗೆ ಹೋದರು, ಅಲ್ಲಿಂದ ಈಜಿಪ್ಟಿನ ಮರುಭೂಮಿ ಸೇರಿದರು. 399ರಲ್ಲಿ ಸಾಯುವವರೆಗೂ ಅಲ್ಲೇ ಇದ್ದರು. ಮನುಷ್ಯನನ್ನು ಕೆಡಿಸುವ ಎಂಟು ಯೋಚನೆಗಳನ್ನು ಅವರು ಗುರುತಿಸಿದರು. ಅವುಗಳಲ್ಲಿ ಅತಿ ಭಾರವಾದದ್ದು ‘ಅಕೀಡಿಯಾ’.

ಬೆಳಗ್ಗೆ ಹತ್ತರ ಸುಮಾರಿಗೆ ಅದು ಸಂನ್ಯಾಸಿಯ ಗುಡಿಸಲಿಗೆ ಬರುತ್ತದೆ. ಸೂರ್ಯ ನಿಂತಲ್ಲೇ ನಿಂತಂತೆ, ಹಗಲಿಗೆ ಐವತ್ತು ಗಂಟೆ ಇದ್ದಂತೆ ಅನ್ನಿಸುತ್ತದೆ. ಊಟ ಮೂರು ಗಂಟೆಗೆ. ಅವನು ಹೊರಗೆ ಬಂದು ಬಿಸಿಲು ಎಲ್ಲಿಗೆ ಬಂತೆಂದು ನೋಡುತ್ತಾನೆ, ಯಾರಾದರೂ ಬರುತ್ತಾರೇನೋ ಎಂದು ದಾರಿ ಕಾಯುತ್ತಾನೆ. ಈ ಜಾಗವೇ ಸರಿಯಿಲ್ಲ, ಇಲ್ಲಿ ಪ್ರೀತಿಸುವವರೇ ಇಲ್ಲ, ದೇವರನ್ನು ಎಲ್ಲಿದ್ದರೂ ಭಜಿಸಬಹುದಲ್ಲ ಎಂಬ ತರ್ಕ ಶುರುವಾಗುತ್ತದೆ. ಆ ಕೊನೆಯ ಮಾತು ಸುಳ್ಳಲ್ಲ. ಆದ್ದರಿಂದಲೇ ಅದು ಅಪಾಯದ್ದು.

91ನೇ ಕೀರ್ತನೆಯ ಗ್ರೀಕ್ ಅನುವಾದದಲ್ಲಿ ಬರುವ ಮಧ್ಯಾಹ್ನದ ದೆವ್ವ ಇದೇ ಎಂದರು ಎವಾಗ್ರಿಯಸ್. ಪಶ್ಚಿಮದವರು ಮುಂದೆ ಅಕೀಡಿಯಾ ಎಂಬ ಪದವನ್ನು ‘ಸೋಮಾರಿತನ’ಕ್ಕೆ ಇಳಿಸಿಬಿಟ್ಟದ್ದು ನಷ್ಟವೇ ಸರಿ. ಕನ್ನಡಕ್ಕೆ ಆ ಕಷ್ಟವಿಲ್ಲ. ನಮ್ಮಲ್ಲಿ ‘ಬೇಸರ’ ಇದೆ. ಹೊತ್ತು ಹೋಗದಿದ್ದರೂ ಬೇಸರ, ಮನಸ್ಸಿಗೆ ನೋವಾದರೂ ಬೇಸರ. ಈ ಎರಡೂ ಒಂದಾಗಿ, ಒಳ್ಳೆಯದರ ಮೇಲೇ ರುಚಿ ಹೋಗುವುದು ಅಕೀಡಿಯಾ. (ವಾರಗಟ್ಟಲೆ ನಿದ್ದೆ, ಊಟ ಕೆಡಿಸುವ ಖಿನ್ನತೆ ಬೇರೆ, ಅದಕ್ಕೆ ವೈದ್ಯರ ಹತ್ತಿರ ಹೋಗಬೇಕು.)

ಮದ್ದೇನು? ಗುಡಿಸಲು ಬಿಟ್ಟು ಏಳಬೇಡ, ಅಷ್ಟೇ. ಎವಾಗ್ರಿಯಸ್ ಬಳಸಿದ ಗ್ರೀಕ್ ಪದ ‘ಹುಪೊಮೊನೆ’, ಭಾರದ ಕೆಳಗೆ ನಿಂತೇ ಇರುವುದು. ನಮ್ಮ ಸತ್ಯವೇದದಲ್ಲಿ ಅದು ತಾಳ್ಮೆ. ರೋಮಾಪುರದವರಿಗೆ ಬರೆದ ಪತ್ರದಲ್ಲಿ ಉಪದ್ರವದಿಂದ ತಾಳ್ಮೆಯೂ ತಾಳ್ಮೆಯಿಂದ ಪುಟವಿಟ್ಟ ಗುಣವೂ ಹುಟ್ಟುತ್ತವೆ ಎನ್ನುತ್ತಾನೆ ಪೌಲ. ಶೀಲ ಎಂದರೆ ದೊಡ್ಡ ಪರೀಕ್ಷೆಯ ದಿನ ಎಲ್ಲಿಂದಲೋ ಬಂದಿಳಿಯುವ ಧೈರ್ಯ ಎಂದುಕೊಂಡಿದ್ದೆ. ಈಗ ಹಾಗನ್ನಿಸುವುದಿಲ್ಲ. ರುಚಿಯಿಲ್ಲದ ಹತ್ತು ನಿಮಿಷ ಏಳದೆ ಕೂತವನಿಗೆ, ಕೋಪ ಬಂದಾಗ ಮಾತು ನುಂಗಿಕೊಳ್ಳುವುದೂ ಸ್ವಲ್ಪ ಸುಲಭವಾಗುತ್ತದೆ. ಎರಡಕ್ಕೂ ಬೇಕಾದ್ದು ಅದೇ ಬಲ.

ಮರುಭೂಮಿಯ ಹಿರಿಯರು ಹೇಳುತ್ತಿದ್ದ ಕತೆಯೊಂದಿದೆ. ಸಂತ ಅಂತೋಣಿಗೇ ಒಮ್ಮೆ ಈ ಬೇಸರ ಹಿಡಿಯಿತು. ಏನು ಮಾಡಲಿ ಎಂದು ದೇವರನ್ನು ಕೇಳಿದರು. ಹೊರಗೆ ಬಂದು ನೋಡಿದರೆ ತಮ್ಮಂತೆಯೇ ಇರುವ ಒಬ್ಬ ಕೂತು ಹಗ್ಗ ಹೊಸೆಯುತ್ತಿದ್ದಾನೆ. ಏಳುತ್ತಾನೆ, ಪ್ರಾರ್ಥಿಸುತ್ತಾನೆ, ಮತ್ತೆ ಕೂತು ಹೊಸೆಯುತ್ತಾನೆ. ದಾರಿ ತೋರಿಸಲು ಬಂದ ದೇವದೂತ ಅವನು. ಉಪದೇಶ ಉದ್ದವಿರಲಿಲ್ಲ: ಹೀಗೆ ಮಾಡು, ಉಳಿಯುತ್ತೀ.

ಸಂನ್ಯಾಸಿ ಜಾನ್ ಕ್ಯಾಸಿಯನ್ ಬರೆದಿಟ್ಟಿರುವ ಪೌಲ ಎಂಬ ಹಿರಿಯರ ಸಂಗತಿ ನನಗೆ ಇನ್ನೂ ಹತ್ತಿರದ್ದು. ಅವರಿದ್ದ ಜಾಗದಿಂದ ಪೇಟೆಗೆ ಏಳು ದಿನದ ದಾರಿ. ಕೈಯಾರೆ ಮಾಡಿದ್ದನ್ನು ಮಾರಲು ಒಯ್ದರೆ ಸಾಗಣೆಯ ಖರ್ಚೂ ಹುಟ್ಟದು. ಹೊಟ್ಟೆಗೆ ಖರ್ಜೂರ, ಒಂದಿಷ್ಟು ತರಕಾರಿ ಸಾಕು. ಆದರೂ ದಿನವೂ ತಾಳೆಗರಿ ಕೂಡಿಸಿ, ಹೊಟ್ಟೆಪಾಡೇ ಅದೆಂಬಂತೆ ತಮಗೆ ತಾವೇ ಗೊತ್ತುಮಾಡಿಕೊಂಡಷ್ಟು ಕೆಲಸ ಮುಗಿಸುತ್ತಿದ್ದರು. ವರ್ಷ ತುಂಬುವಷ್ಟರಲ್ಲಿ ಗುಹೆ ತುಂಬಿರುತ್ತಿತ್ತು. ಆಗ ಎಲ್ಲಕ್ಕೂ ಬೆಂಕಿ ಇಟ್ಟು, ಮೊದಲಿನಿಂದ ಶುರುಮಾಡುತ್ತಿದ್ದರು.