ಹಳೇ ಸೇತುವೆಯ ಎರಡು ದಾರಿ

ನಂಜನಗೂಡಿನಲ್ಲಿ ಕಪಿಲೆಯ ಮೇಲಿರುವ ಹಳೇ ಕಲ್ಲು ಸೇತುವೆ 1735ರದು, ದಳವಾಯಿಗಳ ಕಾಲದ್ದು. ಮೀಟರ್‌ಗೇಜ್ ಕಾಲದಲ್ಲಿ ಅದರ ಮೇಲೆ ರೈಲಿಗೊಂದು ದಾರಿ, ಪಕ್ಕದಲ್ಲೇ ಜನ-ಗಾಡಿಗಳಿಗೊಂದು ದಾರಿ. ಹಳಿಯ ಮೇಲೆ ರೈಲು ಬರುತ್ತಿದ್ದುದು ಆಗೊಮ್ಮೆ ಈಗೊಮ್ಮೆ. ಉಳಿದ ಹೊತ್ತು ಅದು ಖಾಲಿ ಬಿದ್ದಿದ್ದರೂ ರಸ್ತೆಯವರಿಗೆ ಅಲ್ಲಿ ಜಾಗವಿಲ್ಲ. ರಸ್ತೆಯಲ್ಲೋ, ಬಂದವರೆಲ್ಲ ಇರುವ ಜಾಗದಲ್ಲೇ ತೂರಿಕೊಂಡು ಹೋಗಬೇಕು. ಕಂಪ್ಯೂಟರ್ ಪಾಠದಲ್ಲಿ ಹುಡುಗರನ್ನು ಕಾಡುವ ಸರ್ಕ್ಯೂಟ್ ಸ್ವಿಚಿಂಗ್, ಪ್ಯಾಕೆಟ್ ಸ್ವಿಚಿಂಗ್ ಎರಡನ್ನೂ ಈ ಒಂದೇ ಸೇತುವೆಯ ಮೇಲೆ ನಿಂತು ವಿವರಿಸಬಹುದು: ಹಳಿ ಸರ್ಕ್ಯೂಟ್, ರಸ್ತೆ ಪ್ಯಾಕೆಟ್.

ಹಿಂದೆ ದೂರದೂರಿಗೆ ಮಾಡುತ್ತಿದ್ದ ಟ್ರಂಕ್ ಕಾಲ್ ಹಳಿಯ ಜಾತಿಯದು. ಬುಕ್ ಮಾಡಿ ಕಾದು, ಲೈನ್ ಸಿಕ್ಕಿತೆಂದರೆ ಫೋನ್ ಇಡುವ ತನಕ ಆ ದಾರಿ ಪೂರ್ತಿ ನಮ್ಮದೇ. ಮಾತು ತೋಚದೆ ಸುಮ್ಮನೆ ನಿಂತರೂ ದುಡ್ಡು ಓಡುತ್ತಿತ್ತು. ಒಬ್ಬರು ಮಾತಾಡುವಾಗ ಇನ್ನೊಬ್ಬರು ಕೇಳುತ್ತಿರುತ್ತಾರಷ್ಟೆ. ಹಾಗಾಗಿ ಕಾದಿರಿಸಿದ ದಾರಿಯ ಅರ್ಧದಷ್ಟು ಮೌನಕ್ಕೇ ಹೋಗುತ್ತಿತ್ತು.

ಆ ಮೌನದ ಸಂದಿಯಲ್ಲಿ ಬೇರೆಯವರ ಮಾತನ್ನು ಏಕೆ ಕಳಿಸಬಾರದು? 1960ರ ದಶಕದಲ್ಲಿ ಅಮೆರಿಕದ ಪಾಲ್ ಬರಾನ್, ಬ್ರಿಟನ್ನಿನ ಡೊನಾಲ್ಡ್ ಡೇವಿಸ್ ಬೇರೆ ಬೇರೆಯಾಗಿ ಒಂದೇ ಉಪಾಯಕ್ಕೆ ಬಂದರು: ಸಂದೇಶವನ್ನು ತುಂಡು ಮಾಡಿ, ತುಂಡುತುಂಡಿಗೂ ವಿಳಾಸ ಬರೆದು, ಎಲ್ಲರದನ್ನೂ ಒಂದೇ ದಾರಿಗೆ ಬಿಡುವುದು. ತುಂಡಿಗೆ ಪ್ಯಾಕೆಟ್ ಎಂದು ಹೆಸರಿಟ್ಟವರು ಡೇವಿಸ್. ಇದನ್ನು ತಿ. ನರಸೀಪುರದ ಸಂಗಮಕ್ಕೆ ಹೋಲಿಸಲು ಮನಸ್ಸಾಗುತ್ತದೆ, ಆದರೆ ಹೋಲಿಕೆ ನಿಲ್ಲುವುದಿಲ್ಲ. ಅಲ್ಲಿ ಕಾವೇರಿಗೆ ಸೇರಿದ ಕಪಿಲೆಯನ್ನು ಮತ್ತೆ ಬೇರ್ಪಡಿಸಲಾಗದು. ಪ್ಯಾಕೆಟ್ಟು ತನ್ನ ವಿಳಾಸ ಹಿಡಿದು ಬೇರೆಯಾಗುತ್ತದೆ.

ದಾರಿ ಎಲ್ಲರದಾದ ಮೇಲೆ ಸರದಿ ಬಂತು. ಯಾರನ್ನು ಮೊದಲು ಬಿಡಬೇಕು ಎಂದು ತೀರ್ಮಾನಿಸುವುದೇ ಷೆಡ್ಯೂಲಿಂಗ್. ನಂಜನಗೂಡಿನ ದೊಡ್ಡ ಜಾತ್ರೆಯ ದಿನ ರಥಬೀದಿಯಲ್ಲಿ ಐದು ತೇರುಗಳೂ ಹೊರಟಾಗ ಇದು ಅನುಭವಕ್ಕೆ ಬರುತ್ತದೆ. ಫೋನಿನಲ್ಲಿ ಸಿಗ್ನಲ್ ಕಡ್ಡಿಗಳು ಪೂರ್ತಿ ಇರುತ್ತವೆ, ತೇರಿನ ಫೋಟೊ ಮಾತ್ರ ಹೋಗದು; ಒಂದೇ ಟವರಿಗೆ ಎಲ್ಲರ ಫೋನೂ ಸರದಿ ನಿಂತಿರುತ್ತದೆ. 4ಜಿ ಟವರ್ ತನ್ನ ಹೊತ್ತನ್ನು ಸೆಕೆಂಡಿನ ಸಾವಿರದೊಂದು ಪಾಲಿನ ಚೂರುಗಳಾಗಿ ಹಂಚುತ್ತದೆ. ಸಿಗ್ನಲ್ ಚೆನ್ನಾಗಿರುವವರಿಗೇ ಕೊಟ್ಟರೆ ಕೆಲಸ ಬೇಗ ಸಾಗುತ್ತದೆ, ಆದರೆ ಮೂಲೆಯಲ್ಲಿ ನಿಂತವನಿಗೆ ಏನೂ ಸಿಗದು. ಅದಕ್ಕೇ ಬಹಳ ಹೊತ್ತಿನಿಂದ ಏನೂ ಸಿಗದವನ ಲೆಕ್ಕವನ್ನೂ ಅದು ಇಟ್ಟಿರುತ್ತದೆ. ನಮ್ಮ ಎಷ್ಟೋ ಕಚೇರಿಗಳ ಸರದಿಗಿಂತ ಇದು ಮೇಲೆಂದು ನನ್ನೆಣಿಕೆ.

ಮಾತಿನ ಪ್ಯಾಕೆಟ್ಟುಗಳಿಗೆ ಈ ಸರದಿಯಲ್ಲಿ ಮೊದಲ ಮಣೆ. ಫೋಟೊ ಅರೆಗಳಿಗೆ ತಡವಾದರೆ ಯಾರಿಗೂ ಗೊತ್ತಾಗದು. ಮಾತು ಅಷ್ಟು ತಡವಾದರೆ ಇಬ್ಬರೂ ಒಟ್ಟಿಗೆ "ಹಲೋ, ಹಲೋ" ಅನ್ನತೊಡಗುತ್ತಾರೆ. ಈ ಪಂಕ್ತಿಭೇದಕ್ಕೆ ಕಾರಣವಿದೆ, ಒಪ್ಪೋಣ. ಆದರೆ ದುಡ್ಡು ಕೊಟ್ಟ ಕಂಪನಿಯ ವಿಡಿಯೊವನ್ನು ಮುಂದೆ ಬಿಟ್ಟು ಕೊಡದವರದನ್ನು ತಡೆಹಿಡಿಯುವುದು ಬೇರೆ ಮಾತು. ವಿಶೇಷ ದರ್ಶನದ ಚೀಟಿ ದೇವಸ್ಥಾನದಲ್ಲಿ ನಡೆದೀತು. ಇಂಟರ್ನೆಟ್ಟಿನಲ್ಲಿ ಅದು ಕೂಡದೆಂಬ ನೀತಿಯನ್ನು ಕೇಂದ್ರ ಸರ್ಕಾರ 2018ರ ಜುಲೈಯಲ್ಲಿ ಒಪ್ಪಿಕೊಂಡಿದೆ.