ಎಳೆಯ ಕೈಗಳ ದಾಸೋಹ

ಕಾಯಕವೂ ದಾಸೋಹವೂ ವೀರಶೈವ ಗೃಹಸ್ಥಧರ್ಮದ ಎರಡು ಕಣ್ಣುಗಳು. ಮಕ್ಕಳು ದೊಡ್ಡವರಾದ ಮೇಲೆ ಇವುಗಳ ಸಂಸ್ಕಾರವನ್ನು ಕೊಟ್ಟರಾಯಿತೆಂದು ಬಹುಮಂದಿ ತಿಳಿದಿರುವರು. ಆದರೆ ಈ ಬೀಜವು ಶಿಶುವಿನೊಡನೆಯೇ ಹುಟ್ಟಿ ಬಂದಿರುವುದು. ಅದನ್ನು ತುಳಿಯದೆ ಕಾಯುವುದೇ ತಂದೆತಾಯಿಗಳ ಧರ್ಮ.

ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ ಕಾವೇರೀತೀರದ ಕೊಪ್ಪ ಗ್ರಾಮದ ಯಾವುದಾದರೊಂದು ಮನೆಯನ್ನು ಭಾವಿಸಿರಿ. ತಾಯಿಯು ಲಿಂಗಪೂಜೆಗೆ ಅಣಿಮಾಡುವಾಗ ಎರಡು ವರ್ಷದ ಕೂಸು ಪತ್ರೆಯ ತಟ್ಟೆಗೆ ಕೈಚಾಚುವುದು. ತನಗಿಂತ ಉದ್ದವಾದ ಪೊರಕೆಯನ್ನು ಎಳೆಯುವುದು. ಜಂಗಮರು ಬಂದರೆ ನೀರಿನ ಚೊಂಬನ್ನು ತಾನೇ ಹೊರುವೆನೆಂದು ಹಟಹಿಡಿಯುವುದು. “ಚೆಲ್ಲುತ್ತೀಯೆ, ಆಚೆ ಹೋಗು” ಎಂದು ಗದರಿಸುವುದು ಸುಲಭ. ಚೆಲ್ಲಿದ ನೀರನ್ನು ಒರೆಸಬಹುದು. ಹತ್ತು ಸಲ ಬೈಸಿಕೊಂಡು ಹಿಂದೆಗೆದ ಕೈಯು ಹತ್ತನೆಯ ವರ್ಷದಲ್ಲಿ ಕರೆದಾಗ ಮುಂದೆ ಬರುವುದು ಕಷ್ಟ. ಆದುದರಿಂದ ಅರ್ಧ ಚೊಂಬು ನೀರನ್ನು ಕೊಟ್ಟು, ಜೊತೆಯಲ್ಲಿ ನಾಲ್ಕು ಹೆಜ್ಜೆ ನಡೆಯಿರಿ.

ಇನ್ನು ಕೆಲವರು ಮಿಠಾಯಿಯ ಆಸೆ ತೋರಿಸಿ ಕೆಲಸ ಮಾಡಿಸುವರು. ಇಲ್ಲಿ ಆಯ್ದಕ್ಕಿ ಲಕ್ಕಮ್ಮನವರ ನಿಲುವು ಸ್ಮರಣೀಯವಾದುದು. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ದಾಸೋಹ ನಡೆಸುತ್ತಿದ್ದ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತರಲು, ಆ ತಾಯಿಯು ಅದನ್ನು ಹಿಂದಿರುಗಿಸಿ ಬರುವಂತೆ ಹೇಳಿದರು. ಮಿತಿಮೀರಿದ ಗಳಿಕೆಯು ಕಾಯಕದ ಭಾವವನ್ನೇ ಕೆಡಿಸುವುದೆಂಬುದು ಅವರ ಅರಿವು. ವಾರ್ನೆಕೆನ್, ಟೊಮಾಸೆಲ್ಲೊ ಎಂಬ ವಿದ್ವಾಂಸರ ಪರೀಕ್ಷೆಗಳು ಇದಕ್ಕೆ ಹೊಂದುವಂತಿವೆ. ೧೮ ತಿಂಗಳ ಕೂಸುಗಳು ಅಪರಿಚಿತರ ಕೈಯಿಂದ ಬಿದ್ದ ವಸ್ತುವನ್ನು ಯಾರೂ ಹೇಳದೆಯೇ ಎತ್ತಿಕೊಟ್ಟವೆಂದು ೨೦೦೬ರಲ್ಲಿ ಅವರು ಪ್ರಕಟಿಸಿದರು. ೨೦೦೮ರ ಪರೀಕ್ಷೆಯಲ್ಲಿ, ನೆರವಿಗೆ ಪ್ರತಿಯಾಗಿ ಆಟದ ವಸ್ತುವನ್ನು ಪಡೆದ ೨೦ ತಿಂಗಳ ಕೂಸುಗಳು ಮುಂದೆ ನೆರವಾದುದು ಕಡಿಮೆ. ಏನನ್ನೂ ಪಡೆಯದವು ಅವುಗಳಿಗಿಂತ ಹೆಚ್ಚಾಗಿ ನೆರವಾದವು.

ಆದರೆ ನೆರವು ಬೇರೆ, ದುಡಿತ ಬೇರೆ. ಈ ಸೀಮೆಯಲ್ಲಿ ಹೊಗೆಸೊಪ್ಪಿನ ಬೇಸಾಯ ಹೆಚ್ಚು. ಅದರ ಹಸಿ ಎಲೆಯಲ್ಲಿರುವ ನಿಕೋಟಿನ್ ವಿಷವು ಚರ್ಮದ ಮೂಲಕ ಮೈಗೇರಿ ವಾಂತಿಯನ್ನೂ ತಲೆಸುತ್ತನ್ನೂ ತರುವುದು. ಎಲೆ ಕಟ್ಟುವುದಕ್ಕೂ ಬ್ಯಾರನ್ನಿನ ಬೆಂಕಿಯ ಬಳಿಗೂ ಮಕ್ಕಳನ್ನು ಕಳುಹಿಸಿ ಅದನ್ನು ಕಾಯಕವೆಂದು ಕರೆದರೆ ಶರಣರು ಮೆಚ್ಚರು. ಮಗುವಿನ ಶಕ್ತಿಗೆ ತಕ್ಕುದು, ಆಟದ ವೇಳೆಯನ್ನೂ ಪಾಠದ ವೇಳೆಯನ್ನೂ ಕಸಿಯದುದು, ಅದು ತಾನಾಗಿ ಒಲಿದು ಮಾಡುವುದು: ಇಷ್ಟೇ ಎಳೆಯ ಕೈಗಳ ದಾಸೋಹ.

ಮಗುವು ಅಜ್ಜಿಗೆ ಕೋಲನ್ನು ತಂದುಕೊಟ್ಟಾಗ, “ನಿನ್ನಿಂದ ಅಜ್ಜಿಗೆ ಜಗಲಿಯವರೆಗೆ ನಡೆಯಲಾಯಿತು, ಕಂದ” ಎಂದು ಹೇಳಿರಿ. ತನ್ನ ಸೇವೆಯು ಮತ್ತೊಬ್ಬರಿಗೆ ಮುಟ್ಟಿದುದನ್ನು ಕಣ್ಣಾರೆ ಕಾಣುವುದೇ ಆ ಕೂಸಿಗೆ ಪ್ರಸಾದ. ಗುರುಬಸವನ ಕರುಣೆಯು ಸದ್ಭಕ್ತರ ಮಕ್ಕಳ ಮೇಲಿರಲಿ.