ಬಿಲ್ವವೃಕ್ಷದ ಮಹಿಮೆ

॥ ಓಂ ನಮಃ ಶಿವಾಯ ॥



ಶಿವನಿಗೆ ಹೊನ್ನು ಬೇಡ, ರತ್ನ ಬೇಡ, ಭಕ್ತಿಯಿಂದ ಇಟ್ಟ ಒಂದು ಬಿಲ್ವಪತ್ರೆ ಸಾಕು. ಮೂರು ಎಲೆ ಕೂಡಿದ ಈ ದಳವನ್ನು ಮುಕ್ಕಣ್ಣನ ಮೂರು ಕಣ್ಣುಗಳೆಂದು, ತ್ರಿಶೂಲವೆಂದು, ಸತ್ವ ರಜಸ್ಸು ತಮೋಗುಣಗಳೆಂದು ಭಾವಿಸಿ ಅರ್ಪಿಸುವುದು ವಾಡಿಕೆ. ಶ್ರೀಸೂಕ್ತದಲ್ಲಿ ಬಿಲ್ವವು ಲಕ್ಷ್ಮೀದೇವಿಯ ವೃಕ್ಷವೂ ಹೌದು.

ಬೇಡನ ಕಥೆಯನ್ನು ಕೇಳದವರಿಲ್ಲ. ಕಾಡಿನಲ್ಲಿ ಕತ್ತಲಾಯಿತು. ಮೃಗಗಳ ಭಯಕ್ಕೆ ಮರ ಹತ್ತಿ ಕೂತ. ನಿದ್ದೆ ಬಂದರೆ ಬೀಳ್ತೀನಿ ಅಂತ ರಾತ್ರಿಯೆಲ್ಲಾ ಒಂದೊಂದೇ ಎಲೆ ಕಿತ್ತು ಕೆಳಗೆ ಹಾಕುತ್ತಾ ಹೋದ. ಅದು ಬಿಲ್ವದ ಮರ, ಬುಡದಲ್ಲಿ ಲಿಂಗವಿತ್ತು, ಅಂದು ಶಿವರಾತ್ರಿ. ಅರಿಯದೆ ಮಾಡಿದ ಪೂಜೆಗೂ ಪರಮಾತ್ಮ ಒಲಿದ.

ಈ ಕಥೆ ಕೇಳಿ ಎಷ್ಟೋ ಜನ ಶಿವರಾತ್ರಿಯ ದಿನವೇ, ಕಾರ್ತಿಕ ಸೋಮವಾರದಂದೇ ಮರಕ್ಕೆ ಕೈ ಹಾಕುತ್ತಾರೆ. ಪತ್ರೆ ಮಾತ್ರ ಬಿಡಿಸಿದರೆ ಸರಿ, ಕೊಂಬೆಯನ್ನೇ ಮುರಿದು ತರುವವರೂ ಉಂಟು. ಆದರೆ ಪೂಜಾ ಪದ್ಧತಿ ಏನು ಹೇಳುತ್ತದೆ? ಚತುರ್ಥಿ, ಅಷ್ಟಮಿ, ನವಮಿ, ಚತುರ್ದಶಿ, ಅಮಾವಾಸ್ಯೆ, ಸಂಕ್ರಾಂತಿ ಮತ್ತು ಸೋಮವಾರ ಬಿಲ್ವಪತ್ರೆ ಕೀಳಬಾರದು. ಶಿವರಾತ್ರಿ ಬರುವುದೇ ಚತುರ್ದಶಿಯಂದು! ಹಿಂದಿನ ದಿನವೇ ಬಿಡಿಸಿಟ್ಟ ಪತ್ರೆಯಿಂದ ಪೂಜೆ ಮಾಡಬೇಕು. ಬಿಲ್ವಕ್ಕೆ ಹಳಸಲು ದೋಷವಿಲ್ಲ. ಹೊಸದು ಸಿಗದಿದ್ದರೆ ಏರಿಸಿದ ಪತ್ರೆಯನ್ನೇ ತೊಳೆದು ಮತ್ತೆ ಏರಿಸಬಹುದು. ಬೇಡನಿಗೆ ಇದೆಲ್ಲಾ ಗೊತ್ತಿರಲಿಲ್ಲ, ಅವನಿಗೆ ಮಾಫಿ. ಗೊತ್ತಿದ್ದೂ ಮುರಿಯುವವರಿಗೆ ಆ ರಿಯಾಯಿತಿ ಎಲ್ಲಿಂದ ಬರಬೇಕು?

ಈ ಮರ ಉಳಿಯಬೇಕಾದ್ದು ಪೂಜೆಗಷ್ಟೇ ಅಲ್ಲ. ಅರೆಬಲಿತ ಕಾಯಿಯ ತಿರುಳನ್ನು ಹೋಳು ಮಾಡಿ ನೆರಳಲ್ಲಿ ಒಣಗಿಸಿ, ಪುಡಿ ಮಾಡಿ, ಭೇದಿ ಆಮಶಂಕೆಗೆ ಮಜ್ಜಿಗೆಯಲ್ಲಿ ಕೊಡುವುದು ಹಳೆಯ ಮನೆಮದ್ದು. ವೈದ್ಯರು ಕೊಡುವ ಬಿಲ್ವಾದಿ ಲೇಹ್ಯಕ್ಕೂ ಬಿಲ್ವವೇ ಮೂಲ. ವಿಚಿತ್ರವೆಂದರೆ ಹಣ್ಣಾದ ಮೇಲೆ ಗುಣ ತಿರುಗುತ್ತದೆ. ಕಾಯಿ ಭೇದಿ ಕಟ್ಟಿದರೆ, ಹಣ್ಣು ಮಲಬದ್ಧತೆ ಬಿಡಿಸುತ್ತದೆ. ಹಣ್ಣಿನ ತಿರುಳನ್ನು ನೀರಲ್ಲಿ ಕಿವುಚಿ ಸೋಸಿ, ಬೆಲ್ಲ ಏಲಕ್ಕಿ ಹಾಕಿದರೆ ಬೇಸಿಗೆಗೆ ತಂಪು ಪಾನಕ. ಕಾಶಿಯ ಕಡೆ ಇದೇ ಬೇಲ್ ಶರಬತ್ತು. ನಮ್ಮ ಕಡೆಯ ಬೇಲದ ಹಣ್ಣು ಬೇರೆ ಮರದ್ದು, ಹುಳಿ ಜಾಸ್ತಿ. ಹೆಸರು ಕೇಳಿ ಮೋಸ ಹೋಗಬಾರದು. ಬಿಲ್ವದ ಬೇರು ದಶಮೂಲದ ಹತ್ತರಲ್ಲಿ ಒಂದು. ಗಟ್ಟಿ ಚಿಪ್ಪನ್ನು ಕೊರೆದು ಒಣಗಿಸಿದರೆ ವಿಭೂತಿ, ನಶ್ಯ ಇಡುವ ಡಬ್ಬಿ. ಬೀಜದ ಸುತ್ತಲಿನ ಅಂಟು ಗೋಂದಾಗಿಯೂ ಬರುತ್ತದೆ.

ಒಂದು ಎಚ್ಚರಿಕೆ. ಮಗುವಿಗೆ ಭೇದಿಯಾದಾಗ ಬಿಲ್ವದ ಪುಡಿ ನಂಬಿ ಕೂರಬಾರದು. ಮೊದಲು ಮೈಯ ನೀರು ಉಳಿಸಬೇಕು. ಓ.ಆರ್.ಎಸ್. ಪೊಟ್ಟಣ ಸಿಗದಿದ್ದರೆ, ಕುದಿಸಿ ಆರಿಸಿದ 1 ಲೀಟರ್ ನೀರಿಗೆ ಮಟ್ಟವಾಗಿ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಕರಗಿಸಿ ಸ್ವಲ್ಪ ಸ್ವಲ್ಪ ಕುಡಿಸಬೇಕು. ರಕ್ತ ಬಿದ್ದರೆ, ಜ್ವರ ಬಂದರೆ, ಮಗು ಸುಸ್ತಾದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಸಕ್ಕರೆ ಕಾಯಿಲೆಗೆ ಪತ್ರೆ ಅಗಿಯುವವರು ಡಾಕ್ಟರ್ ಕೊಟ್ಟ ಮಾತ್ರೆ ಬಿಡಬಾರದು. ಗರ್ಭಿಣಿಯರು ವೈದ್ಯರನ್ನು ಕೇಳದೆ ಔಷಧಿಯಾಗಿ ಸೇವಿಸಬಾರದು.

ಪತ್ರೆ ಬೇಕಾದವರು ಮನೆಯ ಹತ್ತಿರ ಒಂದು ಸಸಿ ಹಾಕಬಹುದು. ಒಣನೆಲದಲ್ಲೂ ಬರುತ್ತದೆ, ಹೆಚ್ಚು ನೀರು ಕೇಳುವುದಿಲ್ಲ. ಬೇಸಿಗೆಯಲ್ಲಿ ಮಾಗಿದ ಹಣ್ಣಿನ ಬೀಜವನ್ನು ಅಂಟು ಹೋಗುವಂತೆ ತೊಳೆದು, ಬಹಳ ದಿನ ಇಡದೆ ಮುಂಗಾರಿನ ಹೊತ್ತಿಗೆ ಬಿತ್ತಬೇಕು. ಹಣ್ಣು ಬಿಡಲು ಏಳೆಂಟು ವರ್ಷವಾದರೂ ಬೇಕು, ಪತ್ರೆ ಅದಕ್ಕೆ ಬಹಳ ಮೊದಲೇ ಸಿಗುತ್ತದೆ. ಮುಳ್ಳಿನ ಮರ, ಮಕ್ಕಳು ಓಡಾಡುವ ದಾರಿ ಬಿಟ್ಟು ನೆಡುವುದು ಒಳ್ಳೆಯದು.